ರೈಲ್ವೆ ತಿರುವಿನ ರೇಡಿಯೋ

“ಸಾಹೇಬ್ರ, ಇಂಥಾ ಮೂಲ್ಯಾಗ ಗಾಡಿ ತಿರಗಂಗಿಲ್ರೀ! ಹಳಿ ಬಿಟ್ಟು ಯಾರದರ ಮನ್ಯಾಗ ನುಗ್ಗತೈತಿ!”

ಎಪ್ಪತ್ತರ ದಶಕದ ಒಂದು ಬೆಳಿಗ್ಗೆ, ಮುಂಬಯಿಯ ಭಾಂಡುಪಿನಿಂದ ದಾದರಿಗೆ ಹೊರಟ ಲೋಕಲ್ ರೈಲಿನಲ್ಲಿ ಎದುರು ಸೀಟಿನವರು ನನ್ನ ತೊಡೆಯ ಮೇಲಿದ್ದ ಹಾಳೆಗೆ ಬೆರಳಿಟ್ಟು ಹೀಗೆಂದರು. ಅದು ರೇಡಿಯೋದ ಸರ್ಕ್ಯೂಟ್ ಬೋರ್ಡಿನ ನಕ್ಷೆ. ತಾಮ್ರದ ಗೆರೆ ಹೋಗಬೇಕಾದಲ್ಲೆಲ್ಲ ಸಪೂರ ಕಪ್ಪು ಟೇಪು ಅಂಟಿಸುವುದು ನನ್ನ ಕೆಲಸ. ಮೂಲೆಗಳೆಲ್ಲ ಗೋಡೆಯ ಮೂಲೆಯಂತೆ ಚೌಕವಾಗಿರಬೇಕೆಂಬುದು ನಮ್ಮ ಮ್ಯಾನೇಜರರ ಹಟ. ಅದಕ್ಕಾಗಿ ಪ್ರತಿ ತಿರುವಿನಲ್ಲೂ ಟೇಪು ಕತ್ತರಿಸಿ ಜೋಡಿಸಿದ್ದೆ. ಸೆಕೆಗೆ ಆ ತುದಿಗಳೆಲ್ಲ ಮೇಲೇಳುತ್ತಿದ್ದವು. ಅವನ್ನು ಒತ್ತುತ್ತ “ಅಯ್ಯೋ ದೇವರೇ” ಎಂದದ್ದೇ ತಪ್ಪಾಯಿತು, ಕನ್ನಡದವನೆಂದು ಗೊತ್ತಾಗಿಹೋಯಿತು.

ಅವರು ವಿಜಾಪುರದ ಕಡೆಯವರು, ರೈಲು ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದರು. ಇದು ಹೊಸ ರೈಲು ಮಾರ್ಗದ ನಕ್ಷೆಯೆಂದೇ ನಂಬಿದ್ದರು. ಅಲ್ಲವೆಂದರೂ ಕೇಳದೆ, “ಕಡೀಬ್ಯಾಡ್ರೀ, ಹಂಗ ಬಗ್ಗಿಸ್ರಿ” ಎಂದು ಗಾಳಿಯಲ್ಲಿ ಕೈ ಬಳುಕಿಸಿ ತೋರಿಸಿದರು. ಅವರ ಸಮಾಧಾನಕ್ಕೆಂದು ಜೇಬಿನಲ್ಲಿದ್ದ ಟೇಪು ತೆಗೆದು, ಒಂದು ಮೂಲೆಯನ್ನು ಕತ್ತರಿಸದೆ ಬಗ್ಗಿಸಿ ಅಂಟಿಸಿದೆ. ದಾದರ್ ಬಂದರೂ ಅದೊಂದು ಮಾತ್ರ ಏಳಲಿಲ್ಲ.

ಆಫೀಸಿಗೆ ಹೋದವನೇ ಎಲ್ಲ ಮೂಲೆಗಳನ್ನೂ ಹಾಗೆಯೇ ಬಗ್ಗಿಸಿದೆ. ಇದು ಯಾರ ಸಲಹೆಯೆಂದು ಮ್ಯಾನೇಜರ್ ಗುಡುಗಿದಾಗ “ರೈಲ್ವೆಯವರದ್ದು ಸರ್” ಎಂದೆ. ಅವರು ತೆಪ್ಪಗೆ ಸಹಿ ಹಾಕಿದರು.

ರೇಡಿಯೋ ಚೆನ್ನಾಗಿಯೇ ಹಾಡಿತು. ನಾನು ಮಾತ್ರ ಮರುವಾರದಿಂದ ರೈಲಿನ ಬೇರೆ ಡಬ್ಬಿ ಹತ್ತತೊಡಗಿದೆ. ಹಳೆಯ ಡಬ್ಬಿಯಲ್ಲಿ ಆ ವಿಜಾಪುರದವರ ವಠಾರದ, ಅಂದರೆ ಚಾಳಿನ, ಆರು ಜನ ಕೂತು, ಹೊಸ ಮಾರ್ಗದಲ್ಲಿ ತಮ್ಮ ಮನೆಯೆದುರಿನ ಸ್ಟೇಷನ್ ಯಾವಾಗ ಶುರುವಾಗುತ್ತದೆಂದು ಕೇಳಲು ನನ್ನನ್ನೇ ಕಾಯುತ್ತಿದ್ದರು.