ರಾಶಿಯ ಮುಂದೆ ಸುಟ್ಟ ಕಂಬಳಿ

ನನ್ನ ಅತ್ತೆಗೆ ಸೊಂಟದಿಂದ ಕೆಳಗೆ ಜೀವ ಇರಲಿಲ್ಲ. ನಾನು ಅರಳಸುರಳಿ ಕಡೆಯಿಂದ ಮದುವೆಯಾಗಿ ಹೊಸನಗರದ ಆಚೆಯ ಈ ಊರಿಗೆ ಬಂದ ಎರಡನೇ ವರ್ಷ ಅವರು ಬಿದ್ದರು. ಅರವತ್ತಮೂರನೇ ಇಸವಿಯೋ ಅರವತ್ತನಾಲ್ಕೋ ಇರಬೇಕು. ಕೊಯ್ದ ಭತ್ತದ ಹೊರೆಗಳನ್ನು ಕಣದಲ್ಲಿ ಆಳೆತ್ತರಕ್ಕೂ ಮೇಲೆ ಒಟ್ಟುತ್ತಿದ್ದೆವು. ತುದಿಯಲ್ಲಿ ನಿಂತಿದ್ದವರು ಜಾರಿದರು. ಗಾಡಿ ಕಟ್ಟಿಕೊಂಡು ತೀರ್ಥಹಳ್ಳಿಗೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಅವರು ಅಂಗಾಲಿಗೆ ಸೂಜಿ ಚುಚ್ಚಿದರು. ಅತ್ತೆ ಮಾಡಿನ ಹೆಂಚು ನೋಡುತ್ತಾ ಮಲಗಿದ್ದವರು, "ಚುಚ್ಚಿ ಆಯ್ತಾ?" ಎಂದು ಕೇಳಿದರು. ಅಷ್ಟೇ. ವಾಪಸು ಕರೆದುಕೊಂಡು ಬಂದೆವು.

ಒಳಗೆ ಬಿದ್ದುಕೊಳ್ಳುವ ಹೆಂಗಸಲ್ಲ ಅದು. "ಒಳಗಿಟ್ರೆ ನಂಗೆ ಹುಳ ಹಿಡಿತದೆ, ಹೊರಗೆ ಹಾಕ್ರೋ" ಎಂದು ಬೆಳಗಾದರೆ ಕೂಗು. ಸುಗ್ಗಿಯಲ್ಲಂತೂ ಕಣದಲ್ಲೇ ಕೂರಬೇಕು. ಕೋಳಿ ಓಡಿಸಬೇಕು, ಆಳುಗಳನ್ನು ಬೈಯಬೇಕು. ನನ್ನ ಯಜಮಾನರು ಅವರನ್ನು ಬೆನ್ನ ಮೇಲೆ ಹೊತ್ತು ತಂದು ಕೂರಿಸುತ್ತಿದ್ದರು. ಅಲ್ಲಿಂದ ಮುಂದಿನದು ನನ್ನ ಕೆಲಸ.

ಮಾಗಿಯ ಮಂಜು ಒಂಬತ್ತು ಗಂಟೆಯಾದರೂ ಗದ್ದೆ ಬಿಟ್ಟು ಏಳುತ್ತಿರಲಿಲ್ಲ. ಓಡಾಡುವ ನಮಗೆ ಮೈ ಬಿಸಿ. ಕೂತವರಿಗೆ ಚಳಿ ನೆಲದಿಂದ ಹತ್ತುತ್ತದೆ. ಅದಕ್ಕೇ ಅಡಿಗೆ ಮೊಳದಷ್ಟು ಒಣಹುಲ್ಲು, ಅದರ ಮೇಲೆ ಗೋಣಿ. ಎರಡೂ ಕಾಲನ್ನು ಇನ್ನೊಂದು ಗೋಣಿಚೀಲಕ್ಕೆ ಇಳಿಸಿ ಸುತ್ತ ಹುಲ್ಲು ತುರುಕುತ್ತಿದ್ದೆ. ತಲೆಯಿಂದ ಕಾಲಿನವರೆಗೆ ಕಂಬಳಿ. ಚೀಲದೊಳಗೆ ಒಂದು ಹೊಳೆಕಲ್ಲು, ಬಚ್ಚಲ ಒಲೆಯ ಬಿಸಿ ಬೂದಿಯಲ್ಲಿ ಹುಗಿದು ಕಾಯಿಸಿ, ಹಳೇ ಪಂಚೆಯಲ್ಲಿ ಮೂರು ಸುತ್ತು ಸುತ್ತಿದ್ದು. ಒಳಗಿಡುವ ಮೊದಲು ಆ ಕಲ್ಲನ್ನು ನಾನು ಕೆನ್ನೆಗೆ ಒತ್ತಿ ನೋಡಬೇಕು. ನನ್ನ ಕೆನ್ನೆ ತಡೆದರೆ ಅವರ ಕಾಲೂ ತಡೆಯುತ್ತದೆ. ಈ ಕಟ್ಟಳೆ ಅತ್ತೆಯದೇ. ಹೋಗುವಾಗ ಬರುವಾಗ ಚೀಲದೊಳಗೆ ಕೈ ಹಾಕಿ ಕಾಲು ಮುಟ್ಟಬೇಕು, ಅದೂ ಅವರದೇ.

"ಹೆಂಗಿದಾವೆ?"

"ಕಪ್ಪೆ ಮುಟ್ಟಿದಂಗೆ ಇದಾವೆ."

"ಹಂಗಾರೆ ಇವತ್ತೋ ನಾಳೆಯೋ ಹಾರ್ತಾವೆ ಬಿಡು."

ಎರಡು ಚಳಿಗಾಲ ಹೀಗೇ ಕಳೆದವು. ಒಂದು ಬೊಬ್ಬೆ ಏಳಲಿಲ್ಲ, ಒಂದು ನೆಗಡಿ ಬರಲಿಲ್ಲ. ನನಗೆ ಅದರ ಜಂಬವೂ ಇತ್ತು.

ಮೂರನೇ ವರ್ಷದ ರಾಶಿ ಪೂಜೆಯ ದಿನ. ನಮ್ಮ ಕಡೆ ಭತ್ತ ತೂರಿ ರಾಶಿ ಮಾಡಿ, ಸುತ್ತ ಬೂದಿಯ ಗೆರೆ ಎಳೆದರೆ ಮುಗಿಯಿತು, ಕಣದಲ್ಲಿ ಇರುವವರು ಯಾರೂ ಬಾಯಿ ಬಿಡಬಾರದು. ನಿಂತಲ್ಲಿಂದ ಅಲ್ಲಾಡಬಾರದು. ಪೂಜೆಯಾಗಿ, ಯಜಮಾನ ಮೊದಲ ಕೊಳಗ ತುಂಬಿ "ಲಾಭ" ಎಂದ ಮೇಲೆಯೇ ಮಾತು. ನಡುವೆ ಸದ್ದಾದರೆ ರಾಶಿಯ ಹುಲುಸು ಹೋಗುತ್ತದೆ, ಕಂಡಷ್ಟು ಭತ್ತ ಅಳೆದಾಗ ಇರುವುದಿಲ್ಲ ಎನ್ನುತ್ತಿದ್ದರು. ನಾನೂ ನಂಬಿದ್ದೆ. ಎಲ್ಲರೂ ನಂಬಿದ್ದರು.

ಬಿಸಿಲು ಬರುವ ಮೊದಲೇ ಪೂಜೆ. ಗೆರೆಗೆ ಬೇಕೆಂದು ಬಚ್ಚಲ ಒಲೆಯ ಬೂದಿಯನ್ನೆಲ್ಲ ನಾನೇ ಬಾಚಿ ಬುಟ್ಟಿಗೆ ತುಂಬಿ ಕಳಿಸಿದ್ದೆ. ಆಮೇಲೆ ನೋಡಿದರೆ ಕಲ್ಲು ತಣ್ಣಗೆ ಒಲೆಯಲ್ಲಿ ಬಿದ್ದಿದೆ. ಇನ್ನು ಕಾಯಿಸುತ್ತಾ ಕೂರಲು ಹೊತ್ತಿಲ್ಲ. ಒಂದು ಮಣ್ಣಿನ ಬೋಗುಣಿಗೆ ಕೆಂಡ ಹಾಕಿ, ಮೇಲೆ ಉಮಿ ಮುಚ್ಚಿ, ಅತ್ತೆಯ ಕಾಲಿನ ಚೀಲದ ಪಕ್ಕ ಕಂಬಳಿಯ ಅಡಿಗೆ ಇಟ್ಟೆ. ಸುತ್ತ ಹುಲ್ಲಿರುವ ಕಣಕ್ಕೆ ಬೆಂಕಿ ತರಬಾರದು ಎಂದು ಮಕ್ಕಳಿಗೂ ಗೊತ್ತು.

"ಕಲ್ಲೆಲ್ಲೇ?"

"ಕಾದಿಲ್ಲ. ಕೆಂಡ ಇಟ್ಟೀನಿ. ಸುಮ್ನೆ ಕೂತ್ಕಳಿ."

"ಕೆಂಡಕ್ಕೆ ಕೆನ್ನೆ ಒತ್ತಿ ನೋಡಿದ್ಯಾ?"

"ಬೆಳಗಾಗೋದ್ರೊಳಗೆ ಶುರುವಾಯ್ತು ನಿಮ್ದು" ಎಂದು ಹೋಗಿಬಿಟ್ಟೆ.

ಗೆರೆ ಎಳೆದರು. ರಾಶಿಯ ಆ ಬದಿಯಲ್ಲಿ ಯಜಮಾನರು, ಇಬ್ಬರು ಆಳುಗಳು. ಈ ಬದಿಯಲ್ಲಿ ನಾನು, ಹತ್ತು ಹೆಜ್ಜೆ ಆಚೆ ಅತ್ತೆ. ಊದುಬತ್ತಿ ಹಚ್ಚುವ ಹೊತ್ತಿಗೆ ನನಗೆ ವಾಸನೆ ಬಂತು. ಉಣ್ಣೆ ಸುಟ್ಟ ವಾಸನೆ, ಕೂದಲು ಸುಟ್ಟ ಹಾಗೆ. ತಿರುಗಿ ನೋಡಿದೆ. ಮಂಜೋ ಹೊಗೆಯೋ ತಿಳಿಯಲಿಲ್ಲ. ಅತ್ತೆ ರಾಶಿಗೆ ಕೈ ಮುಗಿದು ನೆಟ್ಟಗೆ ಕೂತಿದ್ದರು. ಮುಖದಲ್ಲಿ ಏನೂ ಇಲ್ಲ.

ನನಗೆ ಗೊತ್ತಾಗಲಿಲ್ಲ ಎಂದು ಬರೆದರೆ ಸುಳ್ಳು. ಕಂಬಳಿಯ ಅಂಚು ಕೆಂಡಕ್ಕೆ ತಾಗಿದೆ, ಅಂಗೈ ಅಗಲ ಸುಡಬಹುದು, "ಲಾಭ" ಆಗಲಿ, ಹೋಗಿ ಎಳೆದರಾಯಿತು ಎಂದುಕೊಂಡೆ. ಅಂದುಕೊಂಡ ಆ ಮಾತು ಅಕ್ಷರಕ್ಕಕ್ಷರ ನೆನಪಿದೆ. ಆವತ್ತು ತೆಂಗಿನಕಾಯಿ ಒಂದೇ ಏಟಿಗೆ ಒಡೆಯಲಿಲ್ಲ. ಎರಡು, ಮೂರು ಏಟು. ಆರತಿ ಗಾಳಿಗೆ ಆರಿತು, ಮತ್ತೆ ಹಚ್ಚಿದರು. ವಾಸನೆ ಬೇರೆಯಾಗುತ್ತಾ ಬಂತು. ನಾನು ನಿಂತೇ ಇದ್ದೆ.

"ಲಾಭ" ಎಂದರು. ಓಡಿದೆ. ಕಂಬಳಿ ಎತ್ತಿದರೆ ಅಡಿಯ ಅರ್ಧ ಇಲ್ಲ. ಬೋಗುಣಿ ಮಗುಚಿತ್ತು. ಇಬ್ಬನಿಗೆ ಒದ್ದೆಯಾದ ಹುಲ್ಲು, ಉರಿಯೇಳದೆ ಚೀಲದೊಳಗೇ ಬೆಂದಿತ್ತು. ಯಜಮಾನರು ಪೂಜೆಯ ಕೊಡದ ನೀರು ತಂದು ಸುರಿದರು. ಚೀಲ ಬಿಚ್ಚಿದಾಗ ಬಂದದ್ದು ಉಣ್ಣೆಯ ವಾಸನೆಯಲ್ಲ.

ಅತ್ತೆ ಕಾಲು ನೋಡಲಿಲ್ಲ. ನನ್ನನ್ನು ನೋಡಿದರು. "ಎಂತ ಆಗಿದೆಯೇ? ಮೂತಿ ಹಂಗೆ ಮಾಡ್ಬೇಡ, ಹೇಳು."

ಸಾಗರದ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಮುಲಾಮು, ಪಟ್ಟಿ ತಂದೆವು. ಬಾಳೆಲೆಯ ಮೇಲೆ ಮಲಗಿಸಿದೆವು. ನೋವಿಲ್ಲದ ಗಾಯ ವಾಸಿಯಾಗುವುದೂ ಇಲ್ಲ. ಜ್ವರ ಹಿಡಿಯಿತು. ನೋಡಲು ಬಂದ ಪಕ್ಕದ ಮನೆಯವಳು ನನ್ನ ಕಡೆಗೇ ತಿರುಗಿ ಕೇಳಿದಳು, "ಅಲ್ಲ ಮಾರಾಯ್ತಿ, ಇಷ್ಟು ಹತ್ರ ನಿಂತಿದ್ದೆ, ನಿನ್ನ ಮೂಗಿಗೆ ಬಡೀಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು, "ಅವಳಿಗೆ ನೆಗಡಿ ಕಣೆ. ಮೂಗು ಕಟ್ಟಿತ್ತು ಪಾಪ."

ನನಗೆ ನೆಗಡಿ ಇರಲಿಲ್ಲ. ಅವಳು ಹೋದ ಮೇಲೆ ಕೇಳಿದೆ, "ನಿಮಗೆ ವಾಸನೆ ಬಂದಿತ್ತಾ ಅತ್ತೆ?"

"ಬರದೇ ಏನು. ಸತ್ತಿರೋದು ಕಾಲು, ಮೂಗಲ್ಲ."

"ಮತ್ತೆ ಕೂಗ್ಬೇಕಿತ್ತು."

"ರಾಶಿ ಮುಂದೆ ಬಾಯಿ ಬಿಡ್ತಾರೇನೇ?" ಹೊದಿಕೆ ಎದೆಗೆ ಎಳೆದುಕೊಂಡು, "ನೀನೂ ಬಿಡ್ಲಿಲ್ಲ" ಎಂದರು. ಸಿಟ್ಟಿನಲ್ಲಿ ಅಲ್ಲ. ಸಿಟ್ಟಾಗಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ಆಮೇಲೆ ಬಂದ ಪ್ರತಿಯೊಬ್ಬರಿಗೂ ಅದೇ ಹೇಳಿದರು. ಮೈ ಸುಡುವ ಜ್ವರದಲ್ಲೂ ಮರೆಯದೆ ಹೇಳಿದರು, ಅವಳಿಗೆ ನೆಗಡಿ. ನಾನು ಪಕ್ಕದಲ್ಲಿ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡೆ. ಶಿವರಾತ್ರಿ ಬರುವಷ್ಟರಲ್ಲಿ ಹೋದರು. ಆ ವರ್ಷದ ಭತ್ತ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ.

ಈಗಲೂ ಮಂಜು ಬಿದ್ದ ಬೆಳಿಗ್ಗೆ ನಾನು ಎದ್ದು ಹೊದಿಕೆಯ ಅಂಚು ಮುಟ್ಟಿ ನೋಡುತ್ತೇನೆ. ಮನೆಯಲ್ಲಿ ಉಣ್ಣೆಯ ಕಂಬಳಿ ಇಟ್ಟು ಎಷ್ಟೋ ವರ್ಷವಾಯಿತು. ಆದರೂ ವಾಸನೆ ಬರುತ್ತದೆ.

ಆಗ, ಅತ್ತೆಯ ತಿಥಿ ಮುಗಿದ ಮಾರನೇ ದಿನ, ಬಾವಿಕಟ್ಟೆಯಲ್ಲಿ ಪಕ್ಕದ ಮನೆಯವಳು ಹಗ್ಗ ಎಳೆಯುತ್ತಾ ಕೇಳಿದಳು, "ಎಂತದೇ, ನಿನ್ನ ನೆಗಡಿ ಬಿಡ್ತಾ?"

"ಇನ್ನೂ ಇದೆ" ಎಂದೆ.