‘ತುಟ್ಟಿ’ಗೆ ಇಂಗ್ಲಿಷಿನಲ್ಲಿ ಏನನ್ನಬೇಕು?

೧೯೪೯ರಲ್ಲಿ ನಾನು ರಾಯಚೂರಿನಲ್ಲಿ ಮ್ಯಾಜಿಸ್ಟ್ರೇಟರೊಬ್ಬರ ಕೈಕೆಳಗೆ ತರ್ಜುಮೆದಾರನಾಗಿದ್ದೆ. ನೌಕರಿಗೆ ಸೇರಿ ಐದು ತಿಂಗಳಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ನಿಜಾಮರ ಆಳ್ವಿಕೆ ಮುಗಿದು ಮದ್ರಾಸಿನ ಕಡೆಯಿಂದ ಹೊಸ ಅಧಿಕಾರಿಗಳು ಬಂದಿದ್ದರು. ನಮ್ಮ ಸಾಹೇಬರಿಗೆ ಕನ್ನಡವೂ ಬಾರದು, ಉರ್ದುವೂ ಬಾರದು. ಸಾಕ್ಷಿಗಳು ಆಡಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕು, ಅವರು ಬರೆದುಕೊಳ್ಳಬೇಕು.

ನಮ್ಮ ತಂದೆ ಶಾಲಾ ಮಾಸ್ತರರು. ಮನೆಯಲ್ಲಿ ಹಳೆಯದೊಂದು ಇಂಗ್ಲಿಷ್ ನಿಘಂಟಿತ್ತು. ದಿನಕ್ಕೆ ಎರಡು ಹೊಸ ಶಬ್ದ ಕಲಿತು, ಮರುದಿನ ಕೋರ್ಟಿನಲ್ಲಿ ಅವನ್ನು ಬಳಸುವವರೆಗೆ ನನಗೆ ಸಮಾಧಾನವಿರುತ್ತಿರಲಿಲ್ಲ. ದೊಡ್ಡ ಶಬ್ದ ಹೇಳಿದಾಗ ಸಾಹೇಬರು ತಲೆ ಎತ್ತಿ ನೋಡಿದರೆ ಅಂದು ಊಟ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಆ ಬೇಸಿಗೆಯಲ್ಲಿ ಸಾಹೇಬರು ಮಾನ್ವಿಯಲ್ಲಿ ಮುಕ್ಕಾಂ ಮಾಡಿದ್ದರು. ಅಲ್ಲಿಗೆ ಬಂದದ್ದು ಬಟ್ಟೆ ವ್ಯಾಪಾರಿ ಖಾಸಿಂ ಸಾಹೇಬರ ಮೊಕದ್ದಮೆ. ಬಟ್ಟೆಗೆ ಮಿತಿಮೀರಿದ ಬೆಲೆ ಕೇಳುವುದು ಆಗ ಅಪರಾಧ. ಗಿರಣಿ ಬಟ್ಟೆಗೆ ಸರ್ಕಾರದ ಬೆಲೆ ಮುದ್ರೆ ಹೊಡೆದೇ ಬರುತ್ತಿತ್ತು. ಕೈಮಗ್ಗದ ಸೀರೆಗೆ ಅದಿರಲಿಲ್ಲ. ಅಂಗಡಿಯವರು ಮಿತಿಮೀರಿದ ಬೆಲೆ ಹೇಳಿದರೋ ಇಲ್ಲವೋ ಎಂಬುದು ಗಿರಾಕಿಯ ಸಾಕ್ಷಿಯ ಮೇಲೆ ನಿಲ್ಲುತ್ತಿತ್ತು. ದೇವದುರ್ಗದ ಕಡೆಯ ನೀಲವ್ವ ಎಂಬ ಮುದುಕಿ ಖಾಸಿಂ ಸಾಹೇಬರ ಅಂಗಡಿಯಲ್ಲಿ ನಿಂತು “ತುಟ್ಟಿ, ತುಟ್ಟಿ” ಎಂದು ಕೂಗಾಡಿದ್ದನ್ನು ಬೀದಿಯಲ್ಲಿ ಹೋಗುತ್ತಿದ್ದ ಬೆಲೆ ನಿಯಂತ್ರಣದ ಇನ್ಸ್‌ಪೆಕ್ಟರ್ ಕೇಳಿಸಿಕೊಂಡಿದ್ದರು. ಕೂಡಲೇ ವರದಿ ಬರೆದರು.

ಬೆಳಿಗ್ಗೆ ನೀಲವ್ವನ ಸಾಕ್ಷಿ ನಡೆಯಿತು. ಸೀರೆಯ ಬೆಲೆ ಹೇಗಿತ್ತು ಎಂದು ಕೇಳಿದಾಗ ಆಕೆ ಕೈ ಬೀಸಿ, “ಹನ್ನೊಂದು ರೂಪಾಯಿ ಹೇಳಿದ್ರು ನೋಡ್ರಿ. ಭಾಳ ತುಟ್ಟಿ!” ಎಂದಳು.

‘ಡಿಯರ್’ ಅನ್ನಬಹುದಿತ್ತು. ‘ಕಾಸ್ಟ್ಲಿ’ ಅನ್ನಬಹುದಿತ್ತು. ‘ಎಕ್ಸ್‌ಪೆನ್ಸಿವ್’ ಕೂಡ ಸಾಲುತ್ತಿತ್ತು. ಆದರೆ ಹಿಂದಿನ ವಾರವಷ್ಟೇ ಕಲಿತ ಶಬ್ದವೊಂದು ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. “ಎಗ್ಜಾರ್ಬಿಟಂಟ್, ಸರ್” ಎಂದೆ. ಸಾಹೇಬರು ತಲೆ ಎತ್ತಿ ನೋಡಿದರು. ನಾನು ಹಿಗ್ಗಿದೆ.

ಊಟದ ಬಿಡುವಿಗೆ ಏಳುವಾಗ ಅವರು ಹೇಳಿದರು: “ಇಂಥ ಮಾತು ಬಂದ ಮೇಲೆ ಆಪಾದಿತ ಮಧ್ಯಾಹ್ನ ಹೇಳುವುದಾದರೂ ಏನಿದೆ? ಮೂರು ತಿಂಗಳ ಸಜೆ, ಅಂಗಡಿ ಬಂದ್.”

ನನ್ನ ಹಿಗ್ಗು ಅಲ್ಲಿಗೇ ನಿಂತಿತು. ನಾನು ಬಳಸಿದ ಶಬ್ದಕ್ಕೆ ನ್ಯಾಯದ ಮೇರೆ ಮೀರಿದ ಬೆಲೆ ಎಂಬ ಅರ್ಥವಿದೆ. ನೀಲವ್ವ ಅಷ್ಟು ಹೇಳಿದ್ದಳೇ?

ಹೊರಗೆ ಬಂದೆ. ಆಕೆ ಬೇವಿನ ಮರದಡಿ ಕಲ್ಲಂಗಡಿ ಮಾರುವವಳ ಮುಂದೆ ಕುಳಿತಿದ್ದಳು. “ಒಂದಾಣೆನಾ? ತುಟ್ಟಿ ಆತಲ್ಲೇ!” ಎಂದು ಗದರಿ, ಒಂದಾಣೆಯನ್ನೇ ಕೊಟ್ಟು, ಹೋಳು ಕಚ್ಚಿ ನಗುತ್ತಿದ್ದಳು.

ನಾನು ಹತ್ತಿರ ಹೋಗಿ ಕೇಳಿದೆ: “ಯವ್ವಾ, ಖಾಸಿಂ ಸಾಹೇಬ್ರು ನಿಮಗ ಮೋಸ ಮಾಡ್ಯಾರೇನು?”

“ಯಾರಂದ್ರು ಹಂಗ? ನನ್ನ ಮದಿವಿ ಸೀರಿನೂ ಅವರಪ್ಪನ ಅಂಗಡ್ಯಾಗಿಂದ. ಮೊನ್ನಿದು ಇಲ್ಲೇ ಉಟ್ಕೊಂಡೀನಿ, ನೋಡು.” ಸೆರಗು ಎತ್ತಿ ತೋರಿಸಿದಳು.

“ಮತ್ತ ತುಟ್ಟಿ ಅಂದ್ರಲ್ಲಾ?”

“ತುಟ್ಟಿ ಅನ್ನದೇ ಸೀರಿ ಹ್ಯಾಂಗ ತಗೊಳ್ಳೋದಪ್ಪಾ? ಬಾಯಿ ಮುಚ್ಕೊಂಡು ರೊಕ್ಕ ಕೊಟ್ರ ಮಂದಿ ಹುಚ್ಚಿ ಅಂತಾರ.”

ಖಾಸಿಂ ಸಾಹೇಬರು ಜೈಲಿಗೆ ಹೋಗಬಹುದು ಎಂದೆ. ಆಕೆಯ ಕೈಯಲ್ಲಿದ್ದ ಹೋಳು ನೆಲಕ್ಕೆ ಬಿತ್ತು. “ಯಪ್ಪಾ, ನಾ ಏನ್ ಹೇಳಿದ್ನಿ, ನೀ ಏನ್ ಹೇಳಿದಿ?”

ತಪ್ಪು ಒಪ್ಪಿಕೊಂಡರೆ ನೌಕರಿ ಹೋಗಬಹುದು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಮುದುಕಿಯೊಬ್ಬಳನ್ನು ಬಿಟ್ಟು. ಊಟ ಮಾಡಲಾಗಲಿಲ್ಲ. ಮಧ್ಯಾಹ್ನ ಕೋರ್ಟು ಕೂಡುತ್ತಲೇ ಎದ್ದು ನಿಂತೆ.

“ಸರ್, ಬೆಳಗಿನ ನನ್ನ ತರ್ಜುಮೆ ತಪ್ಪು. ಸಾಕ್ಷಿ ಹೇಳಿದ್ದು ಅಷ್ಟು ದೊಡ್ಡ ಮಾತಲ್ಲ. ಡಿಯರ್ ಎಂದಿದ್ದರೆ ಸಾಕಿತ್ತು.”

ಪಕ್ಕದಲ್ಲಿ ಕಡತ ಹಿಡಿದು ಕುಳಿತಿದ್ದ ಪೇಶ್ಕಾರರು ಗಾಬರಿಯಾದರು. ಅವರಿಗೆ ಆ ಶಬ್ದ ಕಾಗದದ ಒಕ್ಕಣೆಯ ‘ಪ್ರಿಯ’ ಎಂಬ ಅರ್ಥದಲ್ಲಷ್ಟೇ ಗೊತ್ತು. “ಏನ್ರೀ, ಸಾಹೇಬ್ರಿಗೆ ಡಿಯರ್ ಅಂತೀರಾ?” ಎಂದು ಪಿಸುಗುಟ್ಟಿ ನನ್ನ ಕೋಟು ಜಗ್ಗಿದರು.

ಸಾಹೇಬರ ಮುಖ ಕೆಂಪಾಗಿತ್ತು. “ಬೆಳಿಗ್ಗೆ ಒಂದು ಶಬ್ದ, ಮಧ್ಯಾಹ್ನ ಒಂದು ಶಬ್ದ. ನಾನು ಯಾವುದನ್ನು ನಂಬಲಿ?”

“ನನ್ನನ್ನು ನಂಬಬೇಡಿ, ಸರ್. ಆಕೆಯನ್ನೇ ಮತ್ತೆ ಕರೆದು ಕೇಳಿ.”

ನೀಲವ್ವ ಬಂದಳು. ಸಾಹೇಬರು ಕುರ್ಚಿಗೆ ಒರಗಿಸಿದ್ದ ತಮ್ಮ ಕೊಡೆಯನ್ನು ಎತ್ತಿ ಹಿಡಿದರು. ಇದಕ್ಕೆ ಐದು ರೂಪಾಯಿ, ಹೇಗೆ ಎಂದು ಕೇಳಲು ನನಗೆ ಹೇಳಿದರು.

“ಯವ್ವಾ, ತುಟ್ಟಿ!” ಎಂದಳು ನೀಲವ್ವ.

ಮೂರು ರೂಪಾಯಿ?

“ತುಟ್ಟಿ!”

ಒಂದು ರೂಪಾಯಿ?

ಆಕೆ ಕೊಡೆಯನ್ನು ಕೈಗೆ ತೆಗೆದುಕೊಂಡು ಕಡ್ಡಿ ಎಣಿಸಿದಳು. “ಅದೂ ತುಟ್ಟಿನ್ರಿ. ಆದ್ರ ಎಂಟಾಣೆಕ್ಕ ಕೊಡ್ತೀರಂದ್ರ ತಗೊಂಡು ಹೋಗ್ತೀನಿ, ಬಿಸಲು ಭಾಳ ಅದ.”

ಇದನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಮೊದಲು ನಕ್ಕವರು ಸಾಹೇಬರೇ. ಆಮೇಲೆ ಪೇಶ್ಕಾರರು, ಜವಾನ, ಬಾಗಿಲಲ್ಲಿ ನಿಂತ ಜನ. ಕಟಕಟೆಯಲ್ಲಿದ್ದ ಖಾಸಿಂ ಸಾಹೇಬರು ಗಡ್ಡದ ಮೇಲೆ ಕೈ ಇಟ್ಟುಕೊಂಡು ನಕ್ಕರು. ಅವರ ಕಣ್ಣು ಒದ್ದೆಯಾಗಿತ್ತು.

ನಗು ಇಳಿದ ಮೇಲೆ ಸಾಹೇಬರು ಅಂಗಡಿಯ ಖರೀದಿ ಚೀಟಿ ಕೇಳಿದರು. ನೇಕಾರನಿಗೆ ಹತ್ತು ರೂಪಾಯಿ ಕೊಟ್ಟದ್ದು ಅದರಲ್ಲಿ ಸ್ಪಷ್ಟವಾಗಿತ್ತು. ಅಂಗಡಿಯವರ ಲಾಭ ಒಂದೇ ರೂಪಾಯಿ. ಮೊಕದ್ದಮೆ ವಜಾ ಆಯಿತು.

ಸಾಹೇಬರು ನನ್ನನ್ನು ಸುಮ್ಮನೆ ಬಿಡಲಿಲ್ಲ. ಬೆಳಗಿನ ಶಬ್ದವನ್ನು ನನ್ನಿಂದಲೇ ಹೊಡೆದುಹಾಕಿಸಿ ಪಕ್ಕದಲ್ಲಿ ಸಹಿ ಮಾಡಿಸಿದರು. “ಮುಂದೆ ನೀನು ಜಾಣನೆಂದು ತೋರಿಸಬೇಡ. ಸಾಕ್ಷಿ ಏನೆಂದರು ಎಂಬುದನ್ನು ತೋರಿಸು,” ಎಂದರು. ಎರಡು ತಿಂಗಳ ನಂತರ ನಾನು ಕಾಯಂ ಆದೆ. ಶಿಫಾರಸು ಬರೆದವರು ಅವರೇ.

ಆಮೇಲೆ ಇಪ್ಪತ್ತೊಂಬತ್ತು ವರ್ಷ ಅದೇ ಕೆಲಸ ಮಾಡಿದೆ. ಎಷ್ಟು ಭಾಷೆ ಬಂದರೂ, ಎದುರಿಗೆ ನಿಂತವರು ಆ ಮಾತನ್ನು ಮನೆಯಲ್ಲಿ, ಸಂತೆಯಲ್ಲಿ ಹೇಗೆ ಆಡುತ್ತಾರೆಂದು ತಿಳಿಯದಿದ್ದರೆ ತರ್ಜುಮೆ ಅರ್ಧವೇ ಆಗುತ್ತದೆ. ಅನುಮಾನ ಬಂದಾಗಲೆಲ್ಲ ಎದ್ದು ನಿಂತು, “ಒಂದು ನಿಮಿಷ ಸರ್, ಇನ್ನೊಮ್ಮೆ ಕೇಳುತ್ತೇನೆ,” ಎನ್ನುತ್ತಿದ್ದೆ. ಕೆಲವು ಅಧಿಕಾರಿಗಳು ಗಡಿಯಾರ ನೋಡಿ ಸಿಡುಕುತ್ತಿದ್ದರು. ಸಿಡುಕಲಿ ಎಂದು ಬಿಟ್ಟು, ನಾನು ಸಾಕ್ಷಿಯ ಕಡೆ ತಿರುಗುತ್ತಿದ್ದೆ.