ಒಳಗೆ ಜನ ಇರುವ ಗಾಡಿ

ಜಟ್ಟಪ್ಪನ ಹಾರನ್ ಕೇಳಿದ ಮೇಲೆಯೇ ಕಾನಸೂರಿನ ಕೆಲವರು ಚಪ್ಪಲಿ ಹುಡುಕುತ್ತಿದ್ದರು. ಊರಿಗೆ ಮೊದಲಿನ ತಿರುವಿನಲ್ಲಿ ಉದ್ದಕ್ಕೆ ಒಂದು, ತಿರುವು ದಾಟಿದ ಮೇಲೆ ಗಿಡ್ಡಕ್ಕೆ ಎರಡು. ಶಿರಸಿಯಿಂದ ಸಿದ್ದಾಪುರಕ್ಕೆ ಓಡುವ ನನ್ನ ಟೆಂಪೊಗೆ ಅವನು ಡ್ರೈವರಾಗಿ ಬಂದಾಗ ನಮ್ಮಿಬ್ಬರ ತಲೆಯಲ್ಲೂ ಬಿಳಿಕೂದಲು ಇರಲಿಲ್ಲ. ಆಮೇಲೆ ಗಾಡಿ ಬದಲಾಯಿತು, ಅವನು ಬದಲಾಗಲಿಲ್ಲ. ನನ್ನ ಬಾಯಿ ತಡೆದುಕೊಂಡು ನಿಂತ ಡ್ರೈವರ್ ಅವನೊಬ್ಬನೇ. ನಾನು ಕೂಗಾಡಿದರೆ ಕಿಟಕಿಯ ಗಾಜು ಏರಿಸುತ್ತಿದ್ದ. ಅಷ್ಟೆ.

ಅವನದೊಂದು ಹಠವಿತ್ತು. ತಾನು ಇಳಿಜಾರು ಇಳಿಯುವಾಗ ಎದುರಿನಿಂದ ಯಾರಾದರೂ ಹತ್ತುತ್ತಿದ್ದರೆ, ಅದು ಸೈಕಲ್ಲೇ ಆಗಿರಲಿ, ಎಡಕ್ಕೆ ಒತ್ತಿ ನಿಲ್ಲಿಸುವುದು. ಹತ್ತುವವನಿಗೆ ದಾರಿ ಮೊದಲು. ಘಟ್ಟದ ಡ್ರೈವರುಗಳ ಹಳೆಯ ಕ್ರಮ ಅದು. ಈಗ ಯಾರೂ ಲೆಕ್ಕಕ್ಕಿಡುವುದಿಲ್ಲ. ಹಿಂದಿನ ಸೀಟಿನವರು ಗೊಣಗಿದರೂ ಇವನು ಬಿಡಲಿಲ್ಲ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಕಾನಸೂರಿನ ತಿರುವಿನಲ್ಲಿ ಒಂದು ಬೈಕು ಬಂದು ಟೆಂಪೊದ ಮುಂಭಾಗಕ್ಕೆ ಬಡಿಯಿತು. ಬೈಕಿನವನು ತನ್ನ ಬದಿ ಬಿಟ್ಟು ಬಂದಿದ್ದ. ಪೊಲೀಸರೂ ಹಾಗೇ ಬರೆದುಕೊಂಡರು. ಬೈಕಿನವನ ಕಾಲು ಮುರಿದಿತ್ತು. ವಾಸಿಯಾಗಿ ಈಗ ಹೊಸ ಬೈಕಿನಲ್ಲಿ ತಿರುಗುತ್ತಿದ್ದಾನೆ. ಜಟ್ಟಪ್ಪ ಮಾತ್ರ ಅಂದು ಕೀಲಿ ತಂದು ನನ್ನ ಕೈಯಲ್ಲಿಟ್ಟವನು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ.

ಬದಲಿ ಡ್ರೈವರ್ ಹಾಕಿದೆ. ಅವನು ಗೇರು ಹಾಕುವ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ದಾಸನಕೊಪ್ಪದ ಚನ್ನಬಸವ ಪಳಗಿದ ಡ್ರೈವರ್. ಅವನನ್ನು ಕೇಳಿದರೆ, “ಖಾಯಂ ಆದ್ರ ಬರ್ತೀನ್ರಿ, ನಾಳೆ ಮುಂಜಾನಿ ಒಳಗ ಹೇಳ್ರಿ” ಅಂದ. ಸಿಟ್ಟು, ತಳಮಳ ಎರಡನ್ನೂ ಹೊತ್ತುಕೊಂಡು ಜಟ್ಟಪ್ಪನ ಮನೆಗೆ ಹೋದೆ. ಅವನ ಹೆಂಡತಿ ಸೀತಾ ಒಬ್ಬಳೇ ಇದ್ದಳು.

“ಶಿರಸಿ ಪೇಟೇಲಿ ಗೇಮಿನ ಅಂಗ್ಡಿ ಅದ್ಯಲ್ಲ, ಅಲ್ಲೇ ಹೋಗಿ ಕೂತ್ಕಳೂದು. ಮನೇಲಿದ್ರೆ ಅಂಗಳ ತುಂಬ ತಿರುಗೂದು. ನೀವಾದ್ರೂ ಸಮಾ ಬೈರಿ ಮಂಜಣ್ಣ.”

ಅಂಗಡಿ ಇರುವುದು ಮಹಡಿಯ ಮೇಲೆ. ನಡೆಸುವವಳು ಪ್ರತಿಭಾ ಎಂಬ ಹುಡುಗಿ. ದೊಡ್ಡ ಟಿವಿ, ಅದರ ಮುಂದೆ ಎರಡು ಕುರ್ಚಿ, ಎರಡು ಸ್ಟೇರಿಂಗ್, ಕಾಲಬುಡದಲ್ಲಿ ಪೆಡಲು. ಕಾರು ರೇಸಿನ ಆಟವೇ, ಆದರೆ ಮುಂದೆ ಹೋಗುವುದಕ್ಕಿಂತ ಗುದ್ದುವುದಕ್ಕೆ ಅಂಕ ಜಾಸ್ತಿ. ಒಬ್ಬನೇ ಆಡಿದರೆ ಉಳಿದ ಕಾರುಗಳನ್ನೆಲ್ಲ ಮಷಿನ್ನೇ ಓಡಿಸುತ್ತದೆ. ಇಬ್ಬರು ಆಡಿದರೆ ಟಿವಿ ಎರಡು ಪಾಲಾಗುತ್ತದೆ, ಒಬ್ಬರನ್ನೊಬ್ಬರು ಗುದ್ದಬಹುದು.

ಜಟ್ಟಪ್ಪ ಒಬ್ಬನೇ ಆಡುತ್ತಿದ್ದ. ಕಾರು, ಲಾರಿ, ಬಸ್ಸು ಒಂದನ್ನೂ ಬಿಡದೆ ಗುದ್ದುತ್ತಿದ್ದ. ಗಾಜು ಪುಡಿಯಾಗಿ ಹಾರುತ್ತಿತ್ತು. ಅಂಕ ಏರಿದಷ್ಟೂ ಅವನ ಮುಖ ಬಾಡುತ್ತಿತ್ತು.

“ಇಲ್ಲಿ ಜಟ್ಟಪ್ಪಣ್ಣಂದೇ ಫಸ್ಟು,” ಎಂದಳು ಪ್ರತಿಭಾ. “ಕಾಲೇಜಿನವ್ರೂ ಇವ್ರ ಸ್ಕೋರ್ ಮುಟ್ಟೂದಿಲ್ಲ. ಮೊದ್ಲ ದಿನ ಬಂದು ಎಂತ ಕೇಳಿದ್ರು ಗೊತ್ತನ? ‘ತಂಗೀ, ಇದ್ರ ಹಾರನ್ ಎಲ್ಲದೆ?’”

ನನಗೆ ನಗು ಬರಲಿಲ್ಲ. “ಅಲ್ಲಿ ನನ್ ಗಾಡಿ ಗೇರು ಪುಡಿಯಾಗ್ತಾ ಅದೆ, ನೀ ಇಲ್ಲಿ ಕೂತು ಆಟ ಆಡ್ತ್ಯನ? ನಾಳೆಯಿಂದ ನಿನ್ ಸೀಟಿಗೆ ಚನ್ನಬಸವ ಬರ್ತಾನೆ. ಒಂದೇ ಮಾತು ಹೇಳು, ಬತ್ಯ, ಇಲ್ಲ್ಯ?”

ಅವನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. “ಅವನೇ ಬರ್ಲಿ. ನನ್ ಕಾಲು ಹೋತು ಮಂಜಣ್ಣ.”

“ಕಾಲಿಗೆಂತ ಆಗದೆ? ಮುರಿದದ್ದು ಆ ಬೈಕಿನವಂದು!”

“ನೋಡು.” ಒಂದು ಕೆಂಪು ಕಾರಿಗೆ ಗುದ್ದಿದ. “ಕಾಲು ತನ್ನಷ್ಟಕ್ಕೆ ಬ್ರೇಕಿಗೆ ಹೋಗ್ತದ ಅಂತ ದಿನಾ ಬಂದು ನೋಡೂದು. ಒಂದ್ಸಲನೂ ಹೋಗೂದಿಲ್ಲ. ಅವತ್ತೂ ಹೋಗಿರ್ಲಿಲ್ಲ ಕಾಣ್ತದೆ. ಪೊಲೀಸ್ರಿಗೆ ಎಂತ ಗೊತ್ತು? ಕಾಲು ನಂದು.”

ಇವನು ಇಲ್ಲಿಗೆ ಬರುತ್ತಿದ್ದದ್ದು ಆಡುವುದಕ್ಕಲ್ಲ, ತನ್ನ ಕಾಲನ್ನು ಪರೀಕ್ಷೆ ಮಾಡುವುದಕ್ಕೆ. ನನಗೆ ಇನ್ನಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಪಕ್ಕದ ಕುರ್ಚಿ ಎಳೆದು ಕೂತೆ.

“ತಂಗೀ, ಇಬ್ಬರ ಆಟ ಹಾಕು.”

“ನಿಮ್ಗೆ ಬರ್ತದನ ಅಣ್ಣ?”

“ಗುದ್ದೂಕೆ ಎಂತ ಕಲಿಯೂದು?”

ಪ್ರತಿಭಾ ಗುಡ್ಡದ ರಸ್ತೆ ಹಾಕಿದಳು, ಪೂರ್ತಿ ಇಳಿಜಾರು. ಶುರುವಾದದ್ದೇ ಜಟ್ಟಪ್ಪನ ಕಾರಿನ ಬೆನ್ನಿಗೆ ಬಡಿದೆ. ಅವನು ಪಕ್ಕಕ್ಕೆ ಸರಿದ. ಮತ್ತೆ ಬಡಿದೆ, ಮತ್ತೆ ಸರಿದ. “ತಿರುಗಿ ಗುದ್ದಾ ಮಾರಾಯ!” ಎಂದು ಅರಚುತ್ತ ಅವನನ್ನು ದಾಟಿ ಹೋದವನು ಕೆಳಗಿನ ತಿರುವಿನಲ್ಲಿ ಗಿರ್ರನೆ ಸುತ್ತಿಬಿಟ್ಟೆ. ನನ್ನ ಕಾರಿನ ಮೂತಿ ಬಂದ ದಾರಿಗೇ ತಿರುಗಿ ನಿಂತಿತು.

“ಉಲ್ಟಾ ಹೊಂಟ್ರಿ ಅಣ್ಣ, ಉಲ್ಟಾ!” ಪ್ರತಿಭಾ ಕೂಗಿದಳು.

ಆಗಲಿ ಎಂದು ಪೆಡಲನ್ನು ಪೂರ್ತಿ ಒತ್ತಿದೆ. ನಾನು ಹತ್ತುತ್ತಿದ್ದೆ, ಮೇಲಿನಿಂದ ಜಟ್ಟಪ್ಪ ಇಳಿಯುತ್ತಿದ್ದ. ನೇರ ಬಂದು ಗುದ್ದಿದ್ದರೆ ಅವನಿಗೆ ರಾಶಿ ಅಂಕ. ಅವನ ಕಾರು ಎಡಕ್ಕೆ ಒತ್ತಿತು. ನಿಂತಿತು. ನಾನು ಅದರ ಪಕ್ಕದಲ್ಲೇ ಹಾದುಹೋಗಿ ಬಂಡೆಗೆ ಬಡಿದು ಪಲ್ಟಿಯಾದೆ.

ಕೆಳಗೆ ನೋಡಿದೆ. ಅವನ ಬಲಗಾಲು ಬ್ರೇಕನ್ನು ನೆಲಕ್ಕೆ ತಾಗುವಷ್ಟು ಒತ್ತಿಕೊಂಡಿತ್ತು. ಹೆಬ್ಬೆರಳು ಸ್ಟೇರಿಂಗಿನ ನಡುವೆ, ಇಲ್ಲದ ಹಾರನ್ನನ್ನು ಒತ್ತುತ್ತಿತ್ತು.

“ಎಂತಕ್ಕೆ ನಿಲ್ಸ್ದೆ?”

“ನೀ ಹತ್ತತಾ ಇದ್ಯಲ.”

“ಇದು ಆಟ ಮಾರಾಯ!”

“ಆಟ ಆದ್ರೂ ಒಳಗೆ ನೀ ಇದ್ಯಲ. ಅವೆಲ್ಲ ಖಾಲಿ ಕಾರು.”

ಅಂದ ಮೇಲೆ ತನ್ನ ಕಾಲನ್ನು ತಾನೇ ನೋಡಿಕೊಂಡ. ತೆಗೆಯಲು ಹೆದರಿದವನ ಹಾಗೆ ತುಂಬ ಹೊತ್ತು ಅಲ್ಲೇ ಇಟ್ಟುಕೊಂಡಿದ್ದ. ಆಮೇಲೆ, “ಇನ್ನೊಂದ್ಸಲ ಉಲ್ಟಾ ಬಾ” ಎಂದ. ಬಂದೆ. ನಿಲ್ಲಿಸಿದ. “ಜೋರು ಬಾ” ಎಂದ. ಜೋರಾಗಿ ಬಂದೆ. ಮತ್ತೆ ನಿಲ್ಲಿಸಿದ.

“ಹಿಂಗೆ ಆಡಿದ್ರೆ ಇಬ್ರಿಗೂ ಸೊನ್ನೆಯೇ,” ಎಂದು ಪ್ರತಿಭಾ ಕೈಚೆಲ್ಲಿದಳು.

ಮರುದಿನ ಬೆಳಿಗ್ಗೆ ಜಟ್ಟಪ್ಪ ಸ್ಟ್ಯಾಂಡಿಗೆ ನನಗಿಂತ ಮೊದಲೇ ಬಂದು ಟೆಂಪೊದ ಸುತ್ತ ತಿರುಗುತ್ತಿದ್ದ. ಟೈರಿಗೆ ಒದೆಯುವುದು, ಗಾಜು ಒರೆಸುವುದು, ಮತ್ತೆ ಟೈರಿಗೆ ಒದೆಯುವುದು. “ನೀ ಪಕ್ಕದಾಗೆ ಕೂರೂದಾದ್ರೆ ಗಾಡಿ ಹೊಡಿತೆ” ಎಂದ. ಚನ್ನಬಸವನಿಗೆ ಫೋನು ಮಾಡಿದೆ. “ಇರ್ಲಿ ಬಿಡ್ರಿ, ಸೀಟು ಅವಂದ ಐತಿ” ಎಂದ ಅವನು. ನಾನು ಹತ್ತಿ ಕೂತೆ.

ಕಾನಸೂರಿನ ತಿರುವು ಹತ್ತಿರವಾಯಿತು. ಉದ್ದಕ್ಕೆ ಒಂದು ಹಾರನ್. ಕೆಳಗಿನಿಂದ ಒಂದು ಸ್ಕೂಟಿ ಹತ್ತಿ ಬರುತ್ತಿತ್ತು, ಮುಂದೆ ಹಿಂಡಿಯ ಚೀಲ. ಜಟ್ಟಪ್ಪ ಎಡಕ್ಕೆ ಒತ್ತಿ ನಿಲ್ಲಿಸಿದ. ಸ್ಕೂಟಿಯವಳು ನಮ್ಮತ್ತ ನೋಡದೇ ಹೋದಳು. ಅವಳು ಹೋದರೂ ಗಾಡಿ ಹೊರಡಲಿಲ್ಲ.

“ನಡಿಯಾ ಜಟ್ಟಪ್ಪ, ಇಲ್ಲೇ ಮಲಗ್ತ್ಯನ?” ಹಿಂದಿನಿಂದ ಯಾರೋ ಕೂಗಿದರು.

ಅವನು ನನ್ನ ಕಡೆ ತಿರುಗಿದ. ನನ್ನ ಎರಡೂ ಕಾಲು ಗಾಡಿಯ ತಳವನ್ನು ತೂತು ಮಾಡುವಂತೆ ಒತ್ತಿಕೊಂಡಿದ್ದವು.

“ಕಾಲು ತೆಗಿ ಮಂಜಣ್ಣ,” ಎಂದ. “ಬ್ರೇಕು ನನ್ ಬದಿಗದೆ.”

ತಿರುವು ದಾಟಿ ಗಿಡ್ಡಕ್ಕೆ ಎರಡು ಹಾರನ್ ಹೊಡೆದ.